ನಮ್ಮ ಹುಡುಗ ಇಂಡಿಯಾಕ್ಕ ಆಡ್ತಾನೇನ್ರಿ? ಬೆಳಗಾವಿ ಮೈದಾನದ ಅಂಚಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯಲ್ಲಿ ಜೂನ್ ಮಳೆ ಹಿಡಿದರೆ ಬೇಗ ಬಿಡೋದಿಲ್ಲ. ಕ್ರಿಕೆಟ್ ಬ್ಯಾಟು ಅಟ್ಟ ಸೇರುತ್ತೆ, ಫುಟ್‌ಬಾಲ್ ಹೊರಗೆ ಬರುತ್ತೆ. ಹುಡುಗರು ಕೆಂಪು ರಾಡಿಯಲ್ಲಿ ಜಾರಿಕೊಂಡು ಆಡುತ್ತಿರುತ್ತಾರೆ. ಅಂಚಿನಲ್ಲಿ ಛತ್ರಿ ಹಿಡಿದು ಅಪ್ಪ ಅಮ್ಮಂದಿರು ನಿಂತಿರುತ್ತಾರೆ. ನಾನು ಸಂಜೆ ಹೊತ್ತು ಮಕ್ಕಳಿಗೆ ಆಟ ಹೇಳಿಕೊಡೋಕೆ ಶುರುಮಾಡಿ ಹದಿನಾರು ವರ್ಷ ಆಯ್ತು. ಈ ಛತ್ರಿಗಳ ಕೆಳಗಿಂದ ಬಂದ ಪ್ರಶ್ನೆಗಳು, ಫೋನಿನಲ್ಲಿ ಕೇಳಿದವು, ಕಾಗದದಲ್ಲಿ ಬರೆದು ಕಳಿಸಿದವು ಎಲ್ಲ ಇಲ್ಲಿ ಸೇರಿವೆ. ಪ್ರಶ್ನೆ ಕೇಳಿದವರ ಮಾತು ಆದಷ್ಟು ಹಾಗೇ ಇಟ್ಟಿದ್ದೇನೆ.

## ಮೊದಮೊದಲು ಕೇಳೋದು

ಸರ, ನಮ್ ಹುಡುಗ ಇಂಡಿಯಾಕ್ಕ ಆಡ್ತಾನೇನ್ರಿ? ಖರೇ ಹೇಳ್ರಿ.

ಖರೇ ಹೇಳಬೇಕಂದ್ರೆ ನನಗೆ ಗೊತ್ತಿಲ್ಲ. ನಿಮ್ಮ ಮನಸ್ಸು ನೋಯಬಾರದು ಅಂತ ಹೇಳೋ ಮಾತಲ್ಲ ಇದು. ನನ್ನ ಹತ್ರ ಒಂದು ಇನ್ನೂರು ಪುಟದ ನೋಟ್‌ಬುಕ್ ಇದೆ. ಮಳೆಗೆ ನೆನೆದು ಒಣಗಿ ಹಾಳೆಗಳು ಹಪ್ಪಳದ ಥರ ಸುರುಳಿಯಾಗಿವೆ. ಹನ್ನೊಂದು ವರ್ಷದ ಹಿಂದೆ ಅದರಲ್ಲಿ 13 ವರ್ಷದೊಳಗಿನ ಹುಡುಗರ ಪಟ್ಟಿ ಬರೆದು, ಐದು ಹೆಸರಿಗೆ ಕೆಂಪು ಪೆನ್ನಿನಲ್ಲಿ ನಕ್ಷತ್ರ ಹಾಕಿದ್ದೆ. ಇವರು ದೊಡ್ಡ ಮಟ್ಟಕ್ಕೆ ಹೋಗ್ತಾರೆ ಅಂತ ಧೈರ್ಯವಾಗಿಯೇ ಬರೆದಿದ್ದೆ.

ಆ ಐವರಲ್ಲಿ ಒಬ್ಬ ಈಗ ಬ್ಯಾಂಕಿನಲ್ಲಿದ್ದಾನೆ. ಒಬ್ಬ ಅಪ್ಪನ ಫೌಂಡ್ರಿ ನೋಡಿಕೊಳ್ಳುತ್ತಾನೆ. ಇಬ್ಬರು ಭಾನುವಾರ ಮಾತ್ರ ಆಡುತ್ತಾರೆ. ಐದನೆಯವನ ಅಪ್ಪ ಸೈನ್ಯದಲ್ಲಿದ್ದರು, ಪೋಸ್ಟಿಂಗ್ ಆಗಿ ಹೋದರು, ಆಮೇಲೆ ಸುದ್ದಿ ಇಲ್ಲ. ಅದೇ ಪುಟದ ಕೊನೆಯಲ್ಲಿ "ಓಟ ಕಮ್ಮಿ, ಮಾತು ಜಾಸ್ತಿ" ಅಂತ ಬರೆದಿದ್ದ ಹುಡುಗನೇ ಮುಂದೆ ರಾಜ್ಯದ ಜೂನಿಯರ್ ಶಿಬಿರದವರೆಗೂ ಹೋದ. ಮೈದಾನದಲ್ಲಿ ಅವನ ಮಾತು ಸುಮ್ನೆ ಹರಟೆ ಅಲ್ಲ, ಎಲ್ಲರಿಗೂ ಜಾಗ ತೋರಿಸುತ್ತಿದ್ದ ಅನ್ನೋದು ಆಗ ನನಗೆ ಹೊಳೆಯಲಿಲ್ಲ.

ಹಂಗಾದ್ರ ಯಾವ ವಯಸ್ಸಿಗೆ ಗೊತ್ತಾಗ್ತದ್ರೀ?

ಹನ್ನೆರಡಕ್ಕೆ ಹೇಳುವ ಮಾತು ಹೆಚ್ಚುಕಡಿಮೆ ಊಹೆ. ಹದಿನಾರು ಹದಿನೇಳಕ್ಕೆ ಸ್ವಲ್ಪ ಆಧಾರ ಸಿಗುತ್ತೆ. ಇಪ್ಪತ್ತು ದಾಟಿ, ದೊಡ್ಡವರ ಲೀಗ್‌ನಲ್ಲಿ ಎರಡು ಸೀಸನ್ ಆಡಿದ ಮೇಲೆ ಮಾತಿಗೆ ತೂಕ ಬರುತ್ತೆ. ಗೋಲ್‌ಕೀಪರ್, ಡಿಫೆಂಡರ್ ಆದರೆ ಇನ್ನೂ ತಡ. ಅವರ ಕೆಲಸದಲ್ಲಿ ಅನುಭವಕ್ಕೇ ಬೆಲೆ ಜಾಸ್ತಿ.

ಎರಡು ಕಡೆಯ ಉದಾಹರಣೆ ನೋಡಿ. ಅಮೆರಿಕದ ಫ್ರೆಡ್ಡಿ ಅಡು 2004ರಲ್ಲಿ, 14ನೇ ವಯಸ್ಸಿಗೇ ಅಲ್ಲಿನ ದೊಡ್ಡ ಲೀಗ್‌ನಲ್ಲಿ ಆಡಿದ. ಮುಂದಿನ ಪೆಲೆ ಅಂತ ಜಗತ್ತೆಲ್ಲ ಕುಣಿದಾಡಿತು. ಕೊನೆಗೆ ದೇಶಕ್ಕೆ ಆಡಿದ್ದು 17 ಪಂದ್ಯ. ಈ ಕಡೆ ಫ್ರಾನ್ಸಿನ ಎನ್‌ಗೊಲೊ ಕಾಂಟೆ, ಕೆಳಗಿನ ಹಂತದ ಲೀಗ್‌ಗಳಲ್ಲಿ ಬೆವರು ಸುರಿಸಿ 2016ರಲ್ಲಿ 25ರ ಹೊಸ್ತಿಲಲ್ಲಿ ದೇಶದ ಜರ್ಸಿ ತೊಟ್ಟ. ಎರಡು ವರ್ಷಕ್ಕೆ ವಿಶ್ವಕಪ್ ಗೆದ್ದ. ನಮ್ಮ ಸುನಿಲ್ ಛೆಟ್ರಿ ಇವರಿಬ್ಬರ ನಡುವೆ ಬರುತ್ತಾರೆ. 2005ರಲ್ಲಿ ಕ್ವೆಟ್ಟಾದಲ್ಲಿ ಪಾಕಿಸ್ತಾನದ ವಿರುದ್ಧ ಮೊದಲ ಪಂದ್ಯ ಆಡಿದಾಗ ವಯಸ್ಸು 20. ಆವತ್ತೇ ಒಂದು ಗೋಲು. ಅಲ್ಲಿಂದ ದೇಶಕ್ಕೆ 90 ಗೋಲಿನ ಗಡಿ ದಾಟಿದ್ದು ಎಲ್ಲರಿಗೂ ಗೊತ್ತು. ಅಂದಹಾಗೆ ಅವರ ಅಪ್ಪನೂ ಸೈನ್ಯದವರೇ. ನನ್ನ ಐದನೇ ನಕ್ಷತ್ರದ ಮೇಲೆ ಇನ್ನೂ ಒಂದು ಚೂರು ಆಸೆ ಉಳಿದಿರೋದು ಅದಕ್ಕೇ.

ಬೆಂಗಳೂರು ಅಲ್ಲ, ಗೋವಾ ಅಲ್ಲ. ನಮ್ ಬೆಳಗಾವಿಯಿಂದ ಅಲ್ಲೀತನಕ ದಾರಿ ಐತೇನು?

ದಾರಿ ಇದೆ, ಆದರೆ ಬಸ್ಸು ಬದಲಿಸಬೇಕು. ಶಾಲೆಯ ತಂಡ, ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ, ಆಮೇಲೆ ದಿಲ್ಲಿಯ ಸುಬ್ರೊತೊ ಕಪ್. 1960ರಿಂದ ನಡೆಯುತ್ತಿರುವ ಶಾಲಾ ಪಂದ್ಯಾವಳಿ ಅದು. ಇದು ಒಂದು ದಾರಿ. ಕ್ಲಬ್‌ಗೆ ಸೇರಿ ದೇಶದ ಫುಟ್‌ಬಾಲ್ ಫೆಡರೇಷನ್ನಿನ 13, 15, 17 ವರ್ಷದೊಳಗಿನವರ ಲೀಗ್ ಆಡೋದು ಇನ್ನೊಂದು. ಈಗ ಕ್ಲಬ್ ದಾರಿಯೇ ಅಗಲವಾಗಿದೆ. ಹಾಗಾಗಿ 14-15ರ ಹೊತ್ತಿಗೆ ಚೋರ್ಲಾ ಘಾಟ್ ಇಳಿದು ಗೋವಾಕ್ಕೋ, ರಾತ್ರಿ ಬಸ್ ಹತ್ತಿ ಬೆಂಗಳೂರಿಗೋ ಹೋಗಬೇಕಾಗಬಹುದು.

ಊರು ಸಣ್ಣದು ಅನ್ನೋದು ಅಷ್ಟು ದೊಡ್ಡ ಅಡ್ಡಿ ಅಲ್ಲ. 2017ರಲ್ಲಿ ಭಾರತದ 17 ವರ್ಷದೊಳಗಿನವರ ವಿಶ್ವಕಪ್ ತಂಡದಲ್ಲಿದ್ದ 21 ಹುಡುಗರಲ್ಲಿ 8 ಜನ ಮಣಿಪುರದವರು. ನಮ್ಮ ರಾಜ್ಯದ ಚರಿತ್ರೆಯೂ ಚಿಕ್ಕದಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯ ತಂಡಗಳ ಪಂದ್ಯಾವಳಿ ಸಂತೋಷ್ ಟ್ರೋಫಿ ಗೆದ್ದಿತು, 54 ವರ್ಷದ ಮೇಲೆ. ಹಿಂದಿನ ಸಲ ಗೆದ್ದಾಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು!

## ಎತ್ತರ, ವಯಸ್ಸು, ದೇಹ

ಅವನ ಜೋಡಿ ಹುಡುಗ್ರೆಲ್ಲ ದೊಡ್ಡವ್ರು ಆಗ್ಯಾರ. ನಮ್ಮವ ಇನ್ನೂ ಸಣ್ಣ ಅದಾನ. ಬಿಡಸೂದು ಚಲೋ ಏನ್ರಿ?

ಬಿಡಿಸಬೇಡಿ. ಈ ಪ್ರಶ್ನೆಗೆ ನಾನು ಯಾವಾಗಲೂ ಸ್ವಲ್ಪ ಜಾಸ್ತಿ ಮಾತಾಡ್ತೀನಿ. ಯಾಕಂದ್ರೆ ನಾನೇ ಇಲ್ಲಿ ಎಡವಿದವನು.

ಹುಡುಗರು ಭರ್ರಂತ ಎತ್ತರ ಆಗೋದು ಸರಾಸರಿ 14ರ ಆಸುಪಾಸಿನಲ್ಲಿ. ಅದು ಸರಾಸರಿ ಮಾತ್ರ. ಒಬ್ಬನಿಗೆ ಹನ್ನೆರಡಕ್ಕೇ ಶುರುವಾಗುತ್ತೆ, ಇನ್ನೊಬ್ಬನಿಗೆ ಹದಿನೈದೂವರೆ ಆದರೂ ಸುಳಿವಿಲ್ಲ. ಇಬ್ಬರನ್ನೂ ಒಂದೇ ತಂಡದಲ್ಲಿ ನಿಲ್ಲಿಸಿದರೆ ಮೀಸೆ ಮೂಡಿದವನು ಚೆಂಡು ಹಿಡಿದು ಓಡುತ್ತಾನೆ, ಸಣ್ಣವನು ಗಾಳಿಗೆ ಹಾರಿದ ಹಾಗೆ ಬೀಳುತ್ತಾನೆ. ನೋಡುವವರ ಕಣ್ಣಿಗೆ ದೊಡ್ಡವನೇ ಪ್ರತಿಭೆ. ನಾವು ನೋಡುತ್ತಿರುವುದು ಆಟವನ್ನಲ್ಲ, ಕ್ಯಾಲೆಂಡರ್‌ನ.

ಒಮ್ಮೆ ಜಿಲ್ಲಾ ಮಟ್ಟದ ಆಯ್ಕೆಗೆ ಹುಡುಗರನ್ನು ಆರಿಸಿ ಕಳಿಸೋ ಕೆಲಸ ನನಗೆ ಬಂತು. ಒಬ್ಬ ಕಡ್ಡಿ ಥರದ ಹುಡುಗ ಇದ್ದ. ಚೆಂಡು ಅವನ ಕಾಲಿಗೆ ಅಂಟಿಕೊಂಡಿರುತ್ತಿತ್ತು. "ಮುಂದಿನ ವರ್ಷ ನೋಡೋಣಪ್ಪ, ಊಟ ಚೆನ್ನಾಗಿ ಮಾಡು" ಅಂದೆ. ಅವನು ತಲೆ ಆಡಿಸಿದ. ಬೂಟಿನ ಲೇಸ್ ಬಿಚ್ಚಿ, ಎರಡೂ ಬೂಟು ಕಟ್ಟಿ ಕೊರಳಿಗೆ ಹಾಕಿಕೊಂಡು ನಡೆದ. ಮುಂದಿನ ವರ್ಷ ಬರಲೇ ಇಲ್ಲ. ಮೂರು ವರ್ಷ ಬಿಟ್ಟು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. ನನಗಿಂತ ಒಂದು ಗೇಣು ಎತ್ತರ! "ಆಡ್ತಿಲ್ವೇನೋ?" ಅಂದರೆ "ಬಿಟ್ಟು ಭಾಳ ದಿನ ಆತ್ರಿ ಸರ" ಅಂದ.

ಅದಾದ ಮೇಲೆ ನಮ್ಮ ಸಾಮಾನಿನ ಕೋಣೆಯ ಗೋಡೆಯಲ್ಲಿ ಮೂರು ತಿಂಗಳಿಗೊಮ್ಮೆ ಎಲ್ಲರ ಎತ್ತರ ಗುರುತು ಮಾಡುತ್ತೇನೆ. ನಿಂತು ಒಂದು ಅಳತೆ, ಸ್ಟೂಲ್ ಮೇಲೆ ಕೂತು ಒಂದು ಅಳತೆ. ಬೆಳೆಯುವಾಗ ಮೊದಲು ಕಾಲು ಉದ್ದ ಆಗುತ್ತೆ, ಆಮೇಲೆ ಮುಂಡ. ಕಾಲು ಉದ್ದವಾಗಿ ಮುಂಡ ಇನ್ನೂ ಬೆಳೆದಿಲ್ಲ ಅಂದ್ರೆ ಹುಡುಗ ಇನ್ನೂ ಏರುತ್ತಿದ್ದಾನೆ ಅಂತ ಲೆಕ್ಕ. ಈ ಎರಡು ಅಳತೆಗೆ ತೂಕ, ವಯಸ್ಸು ಸೇರಿಸಿ ಬೆಳವಣಿಗೆಯ ಹಂತ ಅಂದಾಜು ಮಾಡುವ ಸೂತ್ರಗಳಿವೆ. ದೊಡ್ಡ ಅಕಾಡೆಮಿಗಳು ಅದನ್ನೇ ಬಳಸುತ್ತವೆ. ನಮಗೆ ಸೀಮೆಸುಣ್ಣದ ಗೆರೆ ಸಾಕು.

ಇನ್ನೊಂದು ಮಾತು. ಏರುವ ಆ ಒಂದು ವರ್ಷ ಆಟ ಕೆಡುತ್ತೆ. ನಿನ್ನೆವರೆಗೂ ಚೆಂದ ಡ್ರಿಬ್ಲಿಂಗ್ ಮಾಡುತ್ತಿದ್ದವನು ತನ್ನ ಕಾಲಿಗೆ ತಾನೇ ತೊಡರುತ್ತಾನೆ. ಮಂಡಿಚಿಪ್ಪಿನ ಕೆಳಗೆ ಗಂಟು ಕಟ್ಟಿದ ಹಾಗೆ ನೋವು ಬರಬಹುದು. ಆಗ ಬೈಯಬೇಡಿ. ಓಟ ಕಮ್ಮಿ ಮಾಡಿಸಿ, ನೋವು ಹೋಗದಿದ್ದರೆ ಡಾಕ್ಟರಿಗೆ ತೋರಿಸಿ.

ಬೆಲ್ಜಿಯಂನವರು ಇದಕ್ಕೆ ಜಾಣ ದಾರಿ ಹುಡುಕಿದ್ದಾರೆ. ತಡವಾಗಿ ಬೆಳೆಯುವ ಹುಡುಗರಿಗೆಂದೇ 'ಫ್ಯೂಚರ್ಸ್' ಅಂತ ಇನ್ನೊಂದು ಕಿರಿಯರ ರಾಷ್ಟ್ರೀಯ ತಂಡ ಇಟ್ಟಿದ್ದಾರೆ. ಫ್ರಾನ್ಸಿನ ಗ್ರೀಜ್‌ಮನ್‌ನನ್ನು ಅವನ ದೇಶದ ಕ್ಲಬ್‌ಗಳೇ ಕುಳ್ಳ ಅಂತ ತಳ್ಳಿದವು. ಅವನು ಗಡಿ ದಾಟಿ ಸ್ಪೇನಿನ ಕ್ಲಬ್ ಸೇರಿ ಬೆಳೆದ. ಇಂಗ್ಲೆಂಡಿನ ಜೇಮಿ ವಾರ್ಡಿಯನ್ನು 16ಕ್ಕೆ ಕ್ಲಬ್ ಬಿಟ್ಟುಕಳಿಸಿತು. ವಾರಕ್ಕೆ 30 ಪೌಂಡ್‌ಗೆ ಸಣ್ಣ ಕ್ಲಬ್ಬಿನಲ್ಲಿ ಆಡಿ, 28ಕ್ಕೆ ಇಂಗ್ಲೆಂಡ್ ತಂಡ ಸೇರಿದ.

ಜನವರಿಯೊಳಗ ಹುಟ್ಟಿದವ್ರಿಗೇ ಚಾನ್ಸ್ ಜಾಸ್ತಿ ಅಂತಾರ, ಖರೇನ್ರಿ?

ಹೌದು, ಇದು ಜ್ಯೋತಿಷ್ಯ ಅಲ್ಲ. ವಯಸ್ಸಿನ ಲೆಕ್ಕ ಜನವರಿ 1ರಿಂದ ಶುರುವಾದರೆ, ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಒಂದೇ ಗುಂಪು. ನಡುವೆ ಹೆಚ್ಚುಕಡಿಮೆ ಒಂದು ವರ್ಷದ ಅಂತರ. ಹನ್ನೊಂದನೇ ವಯಸ್ಸಿನಲ್ಲಿ ಒಂದು ವರ್ಷ ಅಂದ್ರೆ ಸಣ್ಣ ಮಾತಾ? ದೊಡ್ಡವನು ಆಯ್ಕೆ ಆಗ್ತಾನೆ, ಒಳ್ಳೆ ಕೋಚ್ ಸಿಗುತ್ತಾರೆ, ಪಂದ್ಯ ಜಾಸ್ತಿ ಆಡ್ತಾನೆ, ನಿಜವಾಗಿಯೂ ಮುಂದೆ ಹೋಗ್ತಾನೆ. 1980ರ ದಶಕದಲ್ಲಿ ಕೆನಡಾದ ಐಸ್ ಹಾಕಿ ಆಟಗಾರರ ಹುಟ್ಟಿದ ತಿಂಗಳು ನೋಡಿದಾಗ ಇದು ಎದ್ದು ಕಂಡಿತು. ಆಮೇಲೆ ಫುಟ್‌ಬಾಲ್‌ನಲ್ಲೂ ದೇಶ ದೇಶಗಳಲ್ಲಿ ಇದೇ ಕಂಡುಬಂತು.

ಇದಕ್ಕೆ ಹಾಲೆಂಡಿನಲ್ಲಿ ಒಂದು ಸರಳ ಪ್ರಯೋಗ ಮಾಡಿದರು. ಹುಟ್ಟಿದ ತಿಂಗಳ ಕ್ರಮದಲ್ಲಿ ಜರ್ಸಿ ನಂಬರ್ ಕೊಟ್ಟು, ಅದರ ಅರ್ಥವನ್ನು ಸ್ಕೌಟ್‌ಗಳಿಗೆ, ಅಂದ್ರೆ ಕ್ಲಬ್‌ಗಳಿಗೆ ಪ್ರತಿಭೆ ಹುಡುಕುವವರಿಗೆ, ಹೇಳಿದರು. ನಂಬರ್ ನೋಡುತ್ತಲೇ ಯಾರು ಚಿಕ್ಕವನು ಅಂತ ಗೊತ್ತಾಗಿ, ದೊಡ್ಡವರ ಕಡೆ ವಾಲುವುದು ನಿಂತಿತು. ನಾವೂ ಈಗ ಅಂಗಿಯ ಮೇಲೆ ತೊಡುವ ನಂಬರಿನ ಬಿಬ್‌ಗಳನ್ನು ಹಾಗೇ ಹಂಚುತ್ತೇವೆ. ಖರ್ಚು ಸೊನ್ನೆ. ಇಂಗ್ಲೆಂಡಿನಲ್ಲಿ ಲೆಕ್ಕ ಸೆಪ್ಟೆಂಬರ್‌ನಿಂದ ಶುರು. ಅಲ್ಲಿ ಜುಲೈ ಕೊನೆಯಲ್ಲಿ ಹುಟ್ಟಿದ ಹ್ಯಾರಿ ಕೇನ್ ತನ್ನ ಗುಂಪಿನಲ್ಲಿ ಚಿಕ್ಕವರ ಪೈಕಿ. ಒಂದು ದೊಡ್ಡ ಕ್ಲಬ್ ಅವನನ್ನು ಎಳೆ ವಯಸ್ಸಿನಲ್ಲೇ ಬಿಟ್ಟಿತು. ಈಗ ಇಂಗ್ಲೆಂಡ್ ಪರ ಅತಿ ಹೆಚ್ಚು ಗೋಲು ಅವನದೇ.

ಹುಟ್ಟಿದ ತಾರೀಖು ಒಂದ್ ವರ್ಷ ಆಕಡೆ ಈಕಡೆ ಮಾಡ್ಸಿದ್ರ?

ಮಾಡಿಸಬೇಡಿ. ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುತ್ತಾರೆ, ಅಂತರರಾಷ್ಟ್ರೀಯ ಮಟ್ಟದಲ್ಲಿ ಎಂಆರ್‌ಐ. ಸಿಕ್ಕಿಬಿದ್ದರೆ ಶಿಕ್ಷೆ ಹುಡುಗನಿಗೆ. ಸಿಕ್ಕಿಬೀಳದಿದ್ದರೆ ಇನ್ನೂ ಕೆಟ್ಟದ್ದು. ಚಿಕ್ಕವರನ್ನು ತಳ್ಳಿ ಗೆದ್ದೇ ರೂಢಿಯಾದವನು ಹದಿನೆಂಟಕ್ಕೆ ಸಮಾನರ ನಡುವೆ ಬಂದಾಗ ಕೈಯಲ್ಲಿ ಬೇರೆ ಯಾವ ಅಸ್ತ್ರವೂ ಇರೋದಿಲ್ಲ.

## ನೋಡುವ ಕಣ್ಣು

ಸ್ಕೌಟ್ ಬಂದ್ರ ಏನ್ ನೋಡ್ತಾರ್ರೀ? ಎಷ್ಟ್ ಗೋಲ್ ಹೊಡದಾ ಅಂತನಾ?

ಒಳ್ಳೆ ಸ್ಕೌಟ್ ಗೋಲು ಎಣಿಸೋದಿಲ್ಲ. ಚೆಂಡು ಬರುವ ಮೊದಲು ಹುಡುಗ ಏನು ಮಾಡ್ತಾನೆ ಅಂತ ನೋಡ್ತಾನೆ. ನಾರ್ವೆಯ ಸಂಶೋಧಕ ಗೆಯ್ರ್ ಜೋರ್ಡೆಟ್ ಇಂಗ್ಲೆಂಡಿನ ಲೀಗ್ ಆಟಗಾರರ ತಲೆಯನ್ನೇ ಹತ್ತಿರದಿಂದ ಚಿತ್ರೀಕರಿಸಿದ ದೃಶ್ಯ ನೋಡಿ, ಚೆಂಡು ಸಿಗುವ ಮುಂಚೆ ಎಷ್ಟು ಸಲ ಭುಜದ ಹಿಂದೆ ತಿರುಗಿ ನೋಡ್ತಾರೆ ಅಂತ ಎಣಿಸಿದರು. ಜಾಸ್ತಿ ನೋಡುವವರ ಪಾಸ್ ಸರಿಯಾದ ಕಾಲಿಗೆ ಹೋಗುವುದು ಜಾಸ್ತಿ. ಫ್ರಾಂಕ್ ಲ್ಯಾಂಪಾರ್ಡ್ ಈ ವಿಷಯದಲ್ಲಿ ಎಲ್ಲರಿಗಿಂತ ಮುಂದಿದ್ದವರಲ್ಲಿ ಒಬ್ಬರು.

ನೀವೂ ಮಾಡಿ ನೋಡಬಹುದು. ಮುಂದಿನ ಪಂದ್ಯದಲ್ಲಿ ಐದು ನಿಮಿಷ ಚೆಂಡು ಬಿಡಿ, ನಿಮ್ಮ ಮಗನ ತಲೆ ಮಾತ್ರ ನೋಡಿ. ಭಾಳ ಕಷ್ಟ, ಕಣ್ಣು ತಾನಾಗಿ ಚೆಂಡಿನ ಹಿಂದೆ ಓಡುತ್ತೆ. ಕಳೆದ ಮಳೆಗಾಲ ಒಬ್ಬ ತಾಯಿ ಹೀಗೇ ಎಣಿಸಿ, ಶಾಪಿಂಗ್ ಚೀಟಿಯ ಹಿಂದೆ ಗೆರೆ ಎಳೆದು ತಂದು ಕೊಟ್ಟರು. ಅಷ್ಟು ದಿನ ನಾನು ಆ ಹುಡುಗನನ್ನು ಮಂದ ಅಂತಲೇ ಅಂದುಕೊಂಡಿದ್ದೆ.

ಇನ್ನು ನಾನು ನೋಡೋದು: ಚೆಂಡು ಕಳಕೊಂಡ ಮೇಲಿನ ಮೂರು ಸೆಕೆಂಡು. ಸೊಂಟದ ಮೇಲೆ ಕೈ ಇಟ್ಟು ನಿಲ್ತಾನಾ, ತಿರುಗಿ ಓಡ್ತಾನಾ? ಎಡಗಾಲಿಗೆ ಚೆಂಡು ಬಂದಾಗ ಬಲಕ್ಕೆ ಎಳಕೊಳ್ತಾನಾ? ಹೇಳಿಕೊಟ್ಟದ್ದು ಎರಡು ವಾರದ ಮೇಲೆ ಉಳಿದಿರುತ್ತಾ? ಈ ಕೊನೆಯದ್ದು ಒಂದು ದಿನದ ಟ್ರಯಲ್‌ನಲ್ಲಿ ಕಾಣೋದೇ ಇಲ್ಲ. ಟ್ರಯಲ್‌ಗಳ ಮೇಲೆ ನನಗೆ ನಂಬಿಕೆ ಕಮ್ಮಿ ಇರೋದು ಅದಕ್ಕೇ.

ಕಬಡ್ಡಿ, ಓಟ ಎಲ್ಲ ಬಿಡಿಸಿ ಬರೇ ಫುಟ್‌ಬಾಲ್ ಆಡಸ್ಬೇಕಾ?

ಬೇಡ. ಜರ್ಮನಿಯಲ್ಲಿ ರಾಷ್ಟ್ರೀಯ ತಂಡಕ್ಕೆ ಆಡಿದವರನ್ನು ಕೆಳಗಿನ ಹಂತದ ಆಟಗಾರರ ಜೊತೆ ಹೋಲಿಸಿ ನೋಡಿದ್ದಾರೆ. ರಾಷ್ಟ್ರೀಯ ಆಟಗಾರರು ಚಿಕ್ಕಂದಿನಲ್ಲಿ ಕೋಚ್ ಇಲ್ಲದೆ ಬೀದಿಯಲ್ಲಿ ಆಡಿದ್ದು ಜಾಸ್ತಿ, ಹದಿಹರೆಯದಲ್ಲಿ ಬೇರೆ ಆಟಗಳನ್ನೂ ಆಡಿದ್ದು ಜಾಸ್ತಿ. ನಮ್ಮ ಭಾಗದಲ್ಲಿ ಕಬಡ್ಡಿಗೆ ಏನು ಕೊರತೆ? ಮೈ ತಿರುಗಿಸೋದು, ಎದುರಾಳಿಯ ಸೊಂಟ ನೋಡಿ ದಿಕ್ಕು ಊಹಿಸೋದು ಎಲ್ಲ ಅಲ್ಲೇ ಕಲಿಯಬಹುದು.

ಮಗಳು ಆಡ್ತಾಳ್ರಿ. ಅಕಿಗೂ ಇದ ಲೆಕ್ಕೇನು?

ಬೆಳವಣಿಗೆಯ ಲೆಕ್ಕ ಎರಡು ವರ್ಷ ಮುಂಚೆ. ಹುಡುಗಿಯರು ಬೇಗ ಎತ್ತರ ಆಗೋದು ಸುಮಾರು 12ಕ್ಕೆ. ಅದೇ ಹೊತ್ತಿಗೆ ಮನೆಯಲ್ಲಿ "ಇನ್ನ ಸಾಕು" ಅನ್ನುವ ಮಾತೂ ಶುರುವಾಗುತ್ತೆ. ಪ್ರತಿಭೆ ಕಮ್ಮಿಯಾಗಿ ಬಿಟ್ಟ ಹುಡುಗಿಯರನ್ನು ನಾನು ನೋಡಿದ್ದು ಕಡಿಮೆ. ಬಟ್ಟೆ ಬದಲಿಸೋಕೆ ಜಾಗ ಇಲ್ಲ, ಕತ್ತಲಾದ ಮೇಲೆ ಮನೆಗೆ ಬಿಡುವವರಿಲ್ಲ ಅಂತ ಬಿಟ್ಟವರೇ ಜಾಸ್ತಿ. ಹಾಗಾಗಿ ಹುಡುಗಿಯರ ವಿಷಯದಲ್ಲಿ ನನ್ನ ಮೊದಲ ಭವಿಷ್ಯವಾಣಿ ಅಂದ್ರೆ ಯಾರ ಮನೆಯಿಂದ ಸ್ಕೂಟರ್ ಬರುತ್ತೆ ಅನ್ನೋದು. ಸುಮ್ನೆ ತಮಾಷೆಗೆ ಹೇಳ್ತಿಲ್ಲ.

ಅವಕಾಶ ಈಗ ಮೊದಲಿಗಿಂತ ಹತ್ತಿರ ಇದೆ. 2025ರ ಜುಲೈನಲ್ಲಿ ನಮ್ಮ ಹೆಣ್ಣುಮಕ್ಕಳು ಥಾಯ್ಲೆಂಡನ್ನು ಅವರ ನೆಲದಲ್ಲೇ 2-1ರಿಂದ ಸೋಲಿಸಿ 2026ರ ಏಷ್ಯನ್ ಕಪ್‌ಗೆ ಅರ್ಹತೆ ಪಡೆದರು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದು.

## ಸ್ವಲ್ಪ ಆಳದ್ದು

17 ವರ್ಷದೊಳಗಿನ ಇಂಡಿಯಾ ತಂಡದಾಗ ಆಡಿದ್ರ ಮುಂದ ಗ್ಯಾರಂಟಿ ಅಲ್ವಾ?

ಗ್ಯಾರಂಟಿ ಇಲ್ಲ, ಆದರೆ ಬಾಗಿಲಿಗೆ ಹತ್ತಿರ. 2017ರ ತಂಡವನ್ನೇ ತಗೊಳ್ಳಿ. ಅಮೆರಿಕ, ಕೊಲಂಬಿಯಾ, ಘಾನಾ ಮೂವರಿಗೂ ಸೋತರು. ಕೊಲಂಬಿಯಾ ವಿರುದ್ಧ ಬೆಂಗಳೂರಿನ ಸಂಜೀವ್ ಸ್ಟಾಲಿನ್ ಹೊಡೆದ ಕಾರ್ನರ್‌ಗೆ ಜೀಕ್ಸನ್ ಸಿಂಗ್ ತಲೆ ಕೊಟ್ಟರು. ಫಿಫಾ ವಿಶ್ವಕಪ್‌ಗಳಲ್ಲಿ ಭಾರತದ ಮೊದಲ ಗೋಲು ಅದು. ಆ 21 ಜನರಲ್ಲಿ ಜೀಕ್ಸನ್, ಸುರೇಶ್ ಸಿಂಗ್, ಅಮರ್ಜಿತ್ ಸಿಂಗ್, ಅಪುಯಾ, ರಹೀಂ ಅಲಿ, ಅನ್ವರ್ ಅಲಿ ಹಿರಿಯರ ತಂಡಕ್ಕೂ ಆಡಿದರು. ನಮ್ಮಲ್ಲಿ ಇದು ಒಳ್ಳೆಯ ಪ್ರಮಾಣವೇ. ಆ ಹುಡುಗರನ್ನು ವರ್ಷಗಟ್ಟಲೆ ಒಟ್ಟಿಗೆ ಇಟ್ಟು ಆಡಿಸಿದ್ದರು ಅನ್ನೋದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಅನ್ವರ್ ಕತೆ ಬೇರೆಯೇ. 2019ರಲ್ಲಿ ಹೃದಯದ ತೊಂದರೆ ಕಂಡು ಆಟ ನಿಂತಿತು. ಕೋರ್ಟಿನ ಮೆಟ್ಟಿಲು ಹತ್ತಿ, ಮತ್ತೆ ಆಡಿ, 2022ರಲ್ಲಿ ಹಿರಿಯರ ತಂಡಕ್ಕೆ ಬಂದರು. ಇದನ್ನು 2017ರಲ್ಲಿ ಯಾವ ಸ್ಕೌಟ್ ಬರೆದಿಡೋಕೆ ಆಗ್ತಿತ್ತು?

ಈಗ ಡೇಟಾ, ಕ್ಯಾಮೆರಾ, ಎಐ ಎಲ್ಲಾ ಅದಾವಲ್ಲ. ಅವು ಹೇಳೂದಿಲ್ಲೇನು?

ಒಂದು ಲೆಕ್ಕ ಮಾಡೋಣ. ಹತ್ತು ಸಾವಿರ ಹುಡುಗರಲ್ಲಿ ಹತ್ತು ಜನ ಮುಂದೆ ದೇಶಕ್ಕೆ ಆಡುತ್ತಾರೆ ಅಂತ ಇಟ್ಟುಕೊಳ್ಳಿ. ನಿಮ್ಮ ಯಂತ್ರ ನೂರಕ್ಕೆ 90 ಸಲ ಸರಿ. ಆ ಹತ್ತರಲ್ಲಿ ಒಂಬತ್ತು ಜನರನ್ನು ಹಿಡಿಯುತ್ತೆ, ಭೇಷ್. ಉಳಿದ 9,990 ಜನರಲ್ಲಿ ನೂರಕ್ಕೆ ಹತ್ತರಂತೆ ತಪ್ಪಾಗಿ 999 ಜನರನ್ನೂ "ಇವನೂ ಆಡ್ತಾನೆ" ಅನ್ನುತ್ತೆ. ಅಂದ್ರೆ 1,008 ಜನರ ಪಟ್ಟಿ, ಅದರಲ್ಲಿ ನಿಜವಾದವರು 9. ನೂರಕ್ಕೆ ಒಬ್ಬನೂ ಇಲ್ಲ! ಯಂತ್ರ ಕೆಟ್ಟದ್ದಲ್ಲ, ಹುಡುಕುವ ವಸ್ತು ಅಷ್ಟು ಅಪರೂಪ. ಇನ್ನು ನನ್ನ ಕಣ್ಣು ನೂರಕ್ಕೆ 90 ಸರಿ ಅಂತ ಯಾರು ಹೇಳಿದರು?

ಹಾಗಂತ ಡೇಟಾ ವ್ಯರ್ಥ ಅಲ್ಲ. ವಿಡಿಯೊ ಇದ್ದರೆ ನಾನು ಮಂದ ಅಂದುಕೊಂಡ ಹುಡುಗನನ್ನು ಇನ್ನೊಬ್ಬರು ನೋಡಬಹುದು. ಹತ್ತು ಸಾವಿರವನ್ನು ಒಂದು ಸಾವಿರಕ್ಕೆ ಇಳಿಸೋಕೆ ಅದು ಸರಿ. ಒಂದು ಸಾವಿರದಲ್ಲಿ ಒಂಬತ್ತು ಯಾರು ಅಂತ ಹೇಳೋಕೆ ಆ ಸಾವಿರ ಜನರನ್ನೂ ಇನ್ನೂ ಐದಾರು ವರ್ಷ ಆಡಿಸಲೇಬೇಕು.

ಒಬ್ಬ ಏಜೆಂಟ್ ಯುರೋಪಿನಾಗ ಟ್ರಯಲ್ ಕೊಡಸ್ತೀನಿ, ಎರಡು ಲಕ್ಷ ಕೊಡ್ರಿ ಅಂತಾನ.

ಕೊಡಬೇಡಿ. 18 ತುಂಬದ ಹುಡುಗರನ್ನು ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್ಬಿಗೆ ವರ್ಗ ಮಾಡುವುದನ್ನು ಫಿಫಾ, ಕೆಲವು ವಿನಾಯಿತಿ ಬಿಟ್ಟರೆ, ತಡೆದಿದೆ. ಹುಡುಗನಿಗೆ ಹದಿನಾಲ್ಕು ಅಂದ್ರೆ ಅಲ್ಲಿಗೆ ಮಾತು ಮುಗೀತು. ಆ ದುಡ್ಡಲ್ಲಿ ಬೂಟು ಕೊಡಿಸಿ, ಮೊಟ್ಟೆ ತಿನ್ನಿಸಿ, ಗೋವಾದ ನಾಲ್ಕು ಪಂದ್ಯಾವಳಿಗೆ ಕಳಿಸಿ. ಉಳಿದರೆ ನಮಗೂ ಎರಡು ಚೆಂಡು.

ಇದರ ಜೊತೆ ಹೇಳಬೇಕಾದ್ದು: ಹುಡುಗನ ಹೆಸರನ್ನು ಕ್ಲಬ್ ಮೂಲಕ ಫೆಡರೇಷನ್ನಿನಲ್ಲಿ ಸರಿಯಾಗಿ ನೋಂದಾಯಿಸಿ. ಮುಂದೆ ಅವನು ವಿದೇಶಿ ಕ್ಲಬ್ಬಿಗೆ ವರ್ಗವಾದರೆ, ಆ ಹಣದ 5 ಪರ್ಸೆಂಟ್ 12ರಿಂದ 23ರವರೆಗೆ ಬೆಳೆಸಿದ ಕ್ಲಬ್‌ಗಳಿಗೆ ಹಂಚಿಕೆಯಾಗುತ್ತೆ. ಕಾಗದದಲ್ಲಿ ಹೆಸರಿಲ್ಲದ ಕ್ಲಬ್ಬಿಗೆ ಏನೂ ಸಿಗಲ್ಲ.

ಏನೂ ಹೇಳಾಕ ಬರೂದಿಲ್ಲ ಅಂತೀರಿ. ಮತ್ತ ನೀವ್ಯಾಕ ಇನ್ನೂ ಪಟ್ಟಿ ಬರೀತೀರಿ?

ಚಟ ಅಂತ ಇಟ್ಟುಕೊಳ್ಳಿ. ಆದರೆ ಬರೆಯುವ ರೀತಿ ಬದಲಾಗಿದೆ. ಈಗ ಪೆನ್ಸಿಲ್‌ನಲ್ಲಿ ಬರೆಯುತ್ತೇನೆ. ಪಕ್ಕದಲ್ಲಿ ಹುಟ್ಟಿದ ತಿಂಗಳು, ನಿಂತ ಎತ್ತರ, ಕೂತ ಎತ್ತರ. ಆರು ತಿಂಗಳಿಗೊಮ್ಮೆ ತೆಗೆದು ನೋಡಿ ತಿದ್ದುತ್ತೇನೆ. ನಕ್ಷತ್ರ ಹಾಕುವುದು ಬಿಟ್ಟೆ. ಅದರ ಬದಲು ಕೊನೆಯ ಪುಟದಲ್ಲಿ ಇನ್ನೊಂದು ಪಟ್ಟಿ ಇದೆ. ಇವತ್ತು ನನ್ನ ಕೇಳಿದರೆ ತಂಡಕ್ಕೆ ತಗೊಳ್ಳದ, ಆದರೆ ಯಾಕೆ ಬೇಡ ಅಂತ ಸರಿಯಾದ ಕಾರಣ ಕೊಡೋಕಾಗದ ಮಕ್ಕಳ ಹೆಸರು ಅಲ್ಲಿ. ಮಳೆ ಬಂದಾಗ ಪ್ರಾಕ್ಟೀಸ್‌ಗೆ ಬಾರದಿದ್ದರೆ ಮೊದಲು ಫೋನ್ ಮಾಡೋದು ಆ ಮನೆಗಳಿಗೆ. ಸದ್ಯಕ್ಕೆ ಅದರಲ್ಲಿ ಏಳು ಹೆಸರಿವೆ. ಮೂರನೆಯದು ಆ ಶಾಪಿಂಗ್ ಚೀಟಿಯ ತಾಯಿಯ ಮಗನದು.